ದಿನಚರಿಗೆ ಸಾದಾ ನೋಟ್‌ಬುಕ್ ಸಾಕು

ಮಾನ್ಯ ಸಂಪಾದಕರೇ,

ಹೊಸ ವರ್ಷಕ್ಕೆ ಕೊಂಡ ಡೈರಿ ಜನವರಿಯಲ್ಲೇ ಮೂಲೆ ಸೇರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ತಾರೀಕು ಅಚ್ಚಾದ ಡೈರಿಯಲ್ಲಿ ನಾಲ್ಕು ದಿನ ತಪ್ಪಿದರೆ ನಾಲ್ಕು ಖಾಲಿ ಪುಟಗಳು ಕಣ್ಣಿಗೆ ಚುಚ್ಚುತ್ತವೆ. ಐದನೆಯ ದಿನ ತೆರೆಯಲು ಮನಸ್ಸೇ ಬಾರದು. ಗೆರೆ ಹಾಕಿದ 200 ಪುಟದ ಪುಸ್ತಕದಲ್ಲಿ ತಾರೀಕು ನೀವೇ ಹಾಕಿ, ದಿನಕ್ಕೆ ಐದಾರು ಸಾಲು ಬರೆಯಿರಿ.

‘ಇಂದು ಬೇಸರವಾಯಿತು’ ಎಂದಷ್ಟೇ ಬರೆದರೆ ಪ್ರಯೋಜನ ಕಡಿಮೆ. ಯಾರ ಯಾವ ಮಾತಿಗೆ ಬೇಸರ, ಆಮೇಲೆ ನೀವೇನು ಮಾಡಿದಿರಿ, ಅದೂ ಇರಲಿ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ ಮನಸ್ಸಿನ ಗಾಯಗಳ ಬಗ್ಗೆ ಬರೆದರು. ಘಟನೆ, ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುತ್ತದೆ. ಹಾಗಾಗಿ ಕಹಿ ವಿಷಯ ಸಂಜೆಯೇ ಮುಗಿಯಲಿ. ಮಲಗುವ ಹೊತ್ತಿಗೆ ನಾಳೆಯ ಕೆಲಸಗಳ ಪಟ್ಟಿ ಒಳ್ಳೆಯದು.

ನಮ್ಮ ಕಾಸರಗೋಡಿನ ಅಡಿಕೆ ತೋಟದವರಿಗಂತೂ ಇದು ದುಡ್ಡು ಉಳಿಸುವ ಪುಸ್ತಕ. ಅಡಿಕೆ ಕೊಳೆಯುವ ಮಹಾಳಿ ರೋಗಕ್ಕೆ ಮೊದಲ ಮದ್ದು ಸಿಂಪಡಿಸಿದ ದಿನ, 100 ಲೀಟರ್ ನೀರಿಗೆ ಹಾಕಿದ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ತಲಾ 1 ಕಿಲೊ ಎಂದು ಬರೆದಿಟ್ಟರೆ 40–45 ದಿನಕ್ಕೆ ಸಿಂಪಡಿಸಬೇಕಾದ ಎರಡನೆಯ ಮದ್ದು ತಪ್ಪದು.

ಶಾಲೆ ಬಿಟ್ಟ ಮೇಲೆ ಇಲ್ಲಿ ಕನ್ನಡ ಬರೆಯುವ ಸಂದರ್ಭವೇ ಕಡಿಮೆ. ತುಳುವೋ ಹವ್ಯಕವೋ, ಮನೆಮಾತಿನಲ್ಲೇ ಬರೆಯಿರಿ, ಅಕ್ಷರ ಕನ್ನಡದ್ದಿರಲಿ. ಮಳೆಗಾಲದ ಆಟಿ ತಿಂಗಳ ತೇವಕ್ಕೆ ಶಾಯಿ ಹರಡುತ್ತದೆ. ಬಾಲ್ ಪೆನ್ನೇ ಸರಿ.

– ಓದುಗರು, ಬದಿಯಡ್ಕ