ಕೆಸುವಿನ ದಂಟಿನಲ್ಲಿ ಕಂಡ ಸೂಜಿಗಳು

ಸಾಗರ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಸೂಕ್ಷ್ಮದರ್ಶಕವನ್ನು ಅಟ್ಟದಿಂದ ಇಳಿಸಿದ್ದೇನೆ. ಕೇಳದೆ ಮುಟ್ಟಿದೆನೆಂದು ಬೇಸರಿಸಬೇಡ. ಎಂಟನೇ ತರಗತಿಯಲ್ಲಿ ಹಟ ಹಿಡಿದು ತರಿಸಿಕೊಂಡೆ, ಈರುಳ್ಳಿ ಸಿಪ್ಪೆ, ಸೊಳ್ಳೆಯ ರೆಕ್ಕೆ ಎಲ್ಲ ನೋಡಿ ಮುಗಿಸಿದೆ. ಆಮೇಲೆ ಅದು ಹಳೆಯ ಸೀರೆಯ ತುಂಡು ಸುತ್ತಿಕೊಂಡು ಮೂರು ವರ್ಷ ಮೇಲೆಯೇ ಇತ್ತು. ಹೋದ ತಿಂಗಳು ಫೋನಿನಲ್ಲಿ ನೀನು, "ಬೆಳಕಿನ ಧ್ರುವೀಕರಣ ಪೂರ್ತಿ ಬಾಯಿಪಾಠ ಆಗಿದೆ ಅಮ್ಮ, ಆದರೆ ಅದನ್ನು ಕಣ್ಣಾರೆ ನೋಡಿಲ್ಲ" ಎಂದೆಯಲ್ಲ, ಆ ಮಾತು ನನ್ನನ್ನು ಬಿಡಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕುಳಿತು ನಾನು ದಿನವೂ ಮಾರುವುದು ಅದನ್ನೇ ಅಲ್ಲವೇ?

ಪೋಲರೈಸ್ಡ್ ತಂಪು ಕನ್ನಡಕ ಗೊತ್ತಲ್ಲ. ನೀರು, ರಸ್ತೆಗಳ ಮೇಲಿಂದ ಬರುವ ಝಳಪಿನಲ್ಲಿ ಅಡ್ಡಡ್ಡ ಕಂಪಿಸುವ ಬೆಳಕೇ ಹೆಚ್ಚು. ಈ ಮಸೂರ ಉದ್ದುದ್ದ ಕಂಪಿಸುವುದನ್ನು ಮಾತ್ರ ದಾಟಲು ಬಿಡುತ್ತದೆ. ಹೀಗೆ ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಇಳಿಸುವುದೇ ಧ್ರುವೀಕರಣ, ಇಳಿಸುವ ಹಾಳೆಯೇ ಧ್ರುವಕ. ಅಂಥ ಎರಡು ಮಸೂರಗಳನ್ನು ಒಂದರ ಮೇಲೊಂದು ಹಿಡಿದು ಒಂದನ್ನು ತಿರುಗಿಸಿದರೆ, ನಲವತ್ತೈದು ಡಿಗ್ರಿಗೆ ಬೆಳಕು ಅರ್ಧವಾಗುತ್ತದೆ, ತೊಂಬತ್ತಕ್ಕೆ ಕತ್ತಲು. ನಿನ್ನ ಮಾಲುಸ್ ನಿಯಮ ಹೇಳುವುದೂ ಇದನ್ನೇ: ದಾಟುವ ಬೆಳಕು ಆ ಕೋನದ ಕೊಸೈನಿನ ವರ್ಗದಷ್ಟು. ಆ ಕತ್ತಲಿನ ನಡುವೆ ಒಂದು ಹರಳನ್ನಿಟ್ಟರೆ ಏನಾಗುತ್ತದೆ ಎಂಬುದೇ ನಾನು ಹೇಳಹೊರಟಿರುವುದು.

ಅಂಗಡಿಯಲ್ಲಿ ಉಳಿದಿದ್ದ ಕನ್ನಡಕದ ಮಸೂರಗಳನ್ನು ಮೊದಲು ಹಾಕಿ ನೋಡಿದೆ. ಅವುಗಳ ಕಂದು ಛಾಯೆ ಎಲ್ಲ ಬಣ್ಣಗಳನ್ನೂ ಮಂಕು ಮಾಡಿತು. ಸಿನಿಮಾದಿಂದ ತಂದಿಟ್ಟಿದ್ದ ತ್ರೀಡಿ ಕನ್ನಡಕದ ಎರಡು ತುಂಡುಗಳನ್ನು ಎಷ್ಟು ತಿರುಗಿಸಿದರೂ ಕತ್ತಲೇ ಆಗಲಿಲ್ಲ. ಅದರಲ್ಲಿ ಸಾದಾ ಧ್ರುವಕದ ಮುಂದೆ ಇನ್ನೊಂದು ಪದರ ಅಂಟಿಸಿರುತ್ತಾರೆ, ಬೆಳಕನ್ನು ಸುರುಳಿಯಾಗಿ ತಿರುಗಿಸುವಂಥದ್ದು. ಒಂದು ತುಂಡನ್ನು ಮಗುಚಿ, ಕಣ್ಣಿನ ಕಡೆಯ ಮುಖಗಳು ಎದುರುಬದುರಾಗುವಂತೆ ಇಟ್ಟಾಗ ಕತ್ತಲಾಯಿತು. ಕೊನೆಗೆ ಧ್ರುವಕ ಫಿಲ್ಮಿನ ಎರಡು ಚಿಕ್ಕ ಹಾಳೆಗಳನ್ನೇ ತರಿಸಿದೆ. ಮುನ್ನೂರು ರೂಪಾಯಿಯ ಒಳಗೇ ಆಯಿತು.

ನಾಣ್ಯ ಇಟ್ಟು ಗೆರೆ ಎಳೆದು, ಕತ್ತರಿಯಲ್ಲಿ ಎರಡು ಬಿಲ್ಲೆ ಕತ್ತರಿಸಿದ್ದೇನೆ. ಎರಡೂ ಕಡೆಯ ರಕ್ಷಣೆಯ ಪೊರೆಯನ್ನು ಆಮೇಲೆಯೇ ಸುಲಿದದ್ದು, ಮೊದಲೇ ಸುಲಿದರೆ ಬೆರಳಿನ ಗುರುತು ಬೀಳುತ್ತದೆ. ಒಂದು ಬಿಲ್ಲೆ ರಟ್ಟಿನ ಉಂಗುರದಲ್ಲಿ ಕುಳಿತು ಕೆಳಗಿನ ದೀಪದ ಮೇಲೆ ಇರುತ್ತದೆ; ಅದನ್ನು ಬೆರಳಿನಿಂದ ತಿರುಗಿಸಬಹುದು. ನಿನ್ನದು ಎಲ್‌ಇಡಿ ದೀಪವಾದ್ದರಿಂದ ಚಿಂತೆಯಿಲ್ಲ, ಹ್ಯಾಲೊಜನ್ ದೀಪವಾಗಿದ್ದರೆ ಆ ಶಾಖಕ್ಕೆ ಫಿಲ್ಮ್ ಕೆಡುತ್ತಿತ್ತು. ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯಲು ಎರಡು ಸಂಜೆ ಹಿಡಿಯಿತು. ಕಣ್ಣಿಟ್ಟು ನೋಡುವ ನೇತ್ರಕದ ಮೇಲೆ ಮುಚ್ಚಳದಂತೆ ಇಟ್ಟರೂ ಕೆಲಸ ನಡೆಯುತ್ತದೆ, ಆದರೆ ಸೂಕ್ಷ್ಮದರ್ಶಕದ ಓರೆಯಾಗಿರುವ ತಲೆಯೊಳಗೆ ಪ್ರಿಸಂ ಇದೆ, ಅದನ್ನು ಹಾಯುವಾಗ ಧ್ರುವೀಕರಣ ಸ್ವಲ್ಪ ಕಲಕುತ್ತದೆ, ಕತ್ತಲು ಪೂರ್ತಿ ಕಪ್ಪಾಗುವುದಿಲ್ಲ. ಪಕ್ಕದ ತಿರುಪು ಸಡಿಲಿಸಿ, ತಲೆಯನ್ನು ಎತ್ತಿ, ಅದರ ಕೆಳಗಿನ ಬಾಯಿಗೆ ಬಿಲ್ಲೆ ಇಟ್ಟು ಮತ್ತೆ ಕೂರಿಸಿದೆ. ಈಗ ದೀಪ ಉರಿಯುತ್ತಿದ್ದರೂ ಒಳಗೆ ಅಮಾವಾಸ್ಯೆ. ಪ್ಲಾಸ್ಟಿಕ್ ಸ್ಲೈಡ್ ಮಾತ್ರ ಬೇಡ, ಗಾಜಿನದೇ ಇರಲಿ. ಪ್ಲಾಸ್ಟಿಕ್ ತಾನೇ ಬಣ್ಣ ಬಿಟ್ಟು ಹಿನ್ನೆಲೆಯನ್ನು ಕೆಡಿಸುತ್ತದೆ.

ಮೊದಲು ಇಟ್ಟದ್ದು ಉಪ್ಪು. ಏನೂ ಕಾಣಲಿಲ್ಲ, ಅಂಚಿನಲ್ಲಿ ಒಂದಿಷ್ಟು ಮಿಣುಕು ಮಾತ್ರ. ಪಕ್ಕದಲ್ಲಿ ಎರಡು ಕಾಳು ಸಕ್ಕರೆ ಇಟ್ಟೆ. ಬೆಂಕಿ ಹೊತ್ತಿಕೊಂಡಂತೆ ಬೆಳಗಿತು! ಅಡುಗೆಮನೆಯಲ್ಲಿ ಇಷ್ಟು ವರ್ಷ ಒಂದೇ ಸಾಲಿನ ಡಬ್ಬಿಗಳಲ್ಲಿದ್ದ ಎರಡು ಬಿಳಿಯ ವಸ್ತುಗಳು. ಉಪ್ಪಿನ ಹರಳು ಘನಾಕೃತಿಯದು, ಬೆಳಕು ಅದರಲ್ಲಿ ಯಾವ ದಿಕ್ಕಿಗೂ ಒಂದೇ ವೇಗದಲ್ಲಿ ಹೋಗುತ್ತದೆ. ಸಕ್ಕರೆಯಲ್ಲಿ ಹಾಗಲ್ಲ. ಬೆಳಕು ಎರಡಾಗಿ ಸೀಳಿ, ಒಂದು ಮುಂದೆ, ಒಂದು ಹಿಂದೆ ಬಿದ್ದು, ಮೇಲಿನ ಫಿಲ್ಮಿನಲ್ಲಿ ಮತ್ತೆ ಕೂಡುತ್ತವೆ. ಕೂಡುವಾಗ ಕೆಲವು ಬಣ್ಣಗಳು ಒಂದನ್ನೊಂದು ಅಳಿಸುತ್ತವೆ, ಉಳಿದವು ನಮಗೆ ಕಾಣುತ್ತವೆ. ಹರಳು ದಪ್ಪವಾದಂತೆ ಬಣ್ಣವೂ ಬೇರೆ. ಸ್ಲೈಡನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸು, ಪ್ರತಿ ಹರಳೂ ನಾಲ್ಕು ಬಾರಿ ಕಪ್ಪಾಗಿ ನಾಲ್ಕು ಬಾರಿ ಬೆಳಗುತ್ತದೆ. ಸಿಟ್ರಿಕ್ ಆಮ್ಲದ ಒಂದು ಚಿಟಿಕೆಯನ್ನು ಹನಿ ನೀರಿನಲ್ಲಿ ಕರಗಿಸಿ ಒಣಗಲು ಬಿಟ್ಟಿದ್ದೆ. ಬೀಸಣಿಗೆ ಬೀಸಣಿಗೆಯಾಗಿ ಹರಡಿದ ಆ ನೀಲಿ, ಆ ಕೇಸರಿ ನಿನ್ನ ಅಪ್ಪನನ್ನೂ ಹನ್ನೊಂದು ಗಂಟೆಯವರೆಗೆ ಎಬ್ಬಿಸಿಟ್ಟಿತು.

ಈ ಫಿಲ್ಮ್ ಹುಟ್ಟಿದ್ದೂ ಸೂಕ್ಷ್ಮದರ್ಶಕದ ಕೆಳಗೇ ಎಂದು ಓದಿ ನನಗೆ ಬಹಳ ಸಂತೋಷವಾಯಿತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಹೆರಾಪಾತ್ ಎಂಬ ವೈದ್ಯರಿದ್ದರು. ಅವರ ಶಿಷ್ಯನೊಬ್ಬ, ಕ್ವಿನೈನ್ ಕುಡಿಸಿದ್ದ ನಾಯಿಯ ಮೂತ್ರಕ್ಕೆ ಅಯೋಡಿನ್ ಹನಿಸಿದಾಗ ಹಸಿರು ಹೊಳಪಿನ ಹರಳುಗಳು ಕಂಡವು. ಹೆರಾಪಾತ್ ಅವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಒಂದರ ಮೇಲೊಂದು ಬಿದ್ದಿದ್ದ ಹರಳುಗಳು ಕೆಲವೆಡೆ ಪಾರದರ್ಶಕ, ಅಡ್ಡಡ್ಡ ಬಿದ್ದಿದ್ದ ಕಡೆ ಮಸಿಯಂತೆ ಕಪ್ಪು. ಅದು 1852ರ ಮಾತು. ಅಂಥ ಸಣ್ಣ ಹರಳುಗಳನ್ನು ಸಾವಿರಗಟ್ಟಲೆ ಒಂದೇ ದಿಕ್ಕಿಗೆ ಮಲಗಿಸಿ ಹಾಳೆ ಮಾಡಬಹುದೆಂದು ತೋರಿಸಿದವರು ಅಮೆರಿಕದ ಎಡ್ವಿನ್ ಲ್ಯಾಂಡ್; 1929ರಲ್ಲಿ ಅದಕ್ಕೆ ಪೇಟೆಂಟ್ ಕೇಳಿದಾಗ ಅವರಿಗೆ ಹತ್ತೊಂಬತ್ತು ವರ್ಷ, ನಿನಗಿಂತ ಬರೀ ಎರಡು ವರ್ಷ ದೊಡ್ಡವರು. ಮುಂದೆ ಅವರೇ ಆ ಹರಳುಗಳನ್ನು ಬಿಟ್ಟು, ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್ಕಿಗೆ ಅಯೋಡಿನ್ ಹಿಡಿಸುವ ದಾರಿ ಕಂಡುಕೊಂಡರು.

ಇನ್ನು ಪತ್ರ ಬರೆಯಲು ಕೂರಿಸಿದ ಸಂಗತಿ. ಹಿತ್ತಿಲಿನಲ್ಲಿ ಈಗ ಕೆಸು ಸೊಂಪಾಗಿ ಬೆಳೆದಿದೆ. ನಿನ್ನೆ ಪತ್ರೊಡೆಗೆ ಎಲೆ ಕೊಯ್ದವಳು, ದಂಟಿನ ಒಂದು ಚೂರನ್ನು ಜಜ್ಜಿ, ಹನಿ ನೀರಿನೊಡನೆ ಸ್ಲೈಡಿಗೆ ಹಾಕಿದೆ. ಸಾದಾ ಬೆಳಕಿನಲ್ಲಿ ಹಸಿರು ಕೆಸರಿನಂತೆ ಕಂಡಿತು. ಕೆಳಗಿನ ಬಿಲ್ಲೆಯನ್ನು ತಿರುಗಿಸಿದಂತೆ ಹಸಿರು ಮುಳುಗಿತು, ಕತ್ತಲಲ್ಲಿ ಸೂಜಿಗಳು ಎದ್ದವು. ಎರಡೂ ತುದಿ ಚೂಪಾದ, ಬೆಳ್ಳಗೆ ಉರಿಯುವ ಸೂಜಿಗಳು. ಕೆಲವು ಬಿಡಿಬಿಡಿ, ಕೆಲವು ದರ್ಭೆಯ ಕಟ್ಟಿನಂತೆ ಒತ್ತೊತ್ತಾಗಿ. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಂತೆ ಅವು, ಕೆಸು ತಿಂದಾಗ ಗಂಟಲು ಕೆರೆಯುವುದು ಇವು ಚುಚ್ಚುವುದರಿಂದ.

ನಿನಗೆ ಏಳು ವರ್ಷವಿದ್ದಾಗ ಅಜ್ಜಿಯ ಮನೆಯಲ್ಲಿ ಪತ್ರೊಡೆಯ ತಟ್ಟೆ ದೂಡಿ, "ಸೂಜಿ ಚುಚ್ಚುತ್ತದೆ" ಎಂದು ಅತ್ತಿದ್ದೆ. ಊಟ ಬಿಡಲು ನೆವ ಎಂದುಕೊಂಡು ಎಲ್ಲರೆದುರು ಗದರಿದೆ, ಪೂರ್ತಿ ತಿನ್ನಿಸಿದೆ. ಅಂದು ಬೇಯುವುದು ಕಡಿಮೆಯಾಗಿತ್ತೋ, ಹುಣಸೆಹುಳಿ ಸಾಲದಾಗಿತ್ತೋ. ನೀನು ಬಳಸಿದ ಪದವೂ ಸೂಜಿಯೇ. ನಿನ್ನೆ ಅವನ್ನು ನೋಡುತ್ತಾ ಬಹಳ ಹೊತ್ತು ಕುಳಿತೆ. ನನ್ನನ್ನು ಕ್ಷಮಿಸು ಮಗಳೇ.

ಶನಿವಾರ ಅಪ್ಪ ಧಾರವಾಡದ ಬಸ್ಸಿಗೆ ಪೆಟ್ಟಿಗೆ ಕೊಡುತ್ತಾರೆ, ನಿಮ್ಮ ಹಾಸ್ಟೆಲ್ಲಿನ ವಾರ್ಡನ್ ಅವರಿಗೂ ಹೇಳಿದ್ದೇನೆ. ಕೆಸು ಜಜ್ಜಿದ ಕೈಯನ್ನು ಕಣ್ಣಿಗೆ ತಾಗಿಸಬೇಡ. ಸೆಲ್ಲೋಟೇಪಿನ ಒಂದು ತುಂಡನ್ನು ಸ್ಲೈಡಿನ ಅಡಿಗೆ ಅಂಟಿಸಿ, ಒಮ್ಮೆ ತಿರುಗಿಸಿಯೂ ನೋಡು, ಕಪ್ಪು ಹಿನ್ನೆಲೆಗೇ ಬಣ್ಣ ಬರುತ್ತದೆ. ಮೊದಲು ಮಾತ್ರ ಹಸಿ ಆಲೂಗಡ್ಡೆಯನ್ನು ಕೆರೆದು, ಆ ಹಾಲಿನಂಥ ನೀರನ್ನು ಒಂದು ಹನಿ ಹಾಕು. ಪಿಷ್ಟದ ಪ್ರತಿ ಕಣದ ಮೇಲೂ ಕಪ್ಪು ಕೂಡುಗುರುತು ಇರುತ್ತದೆ. ಸ್ಲೈಡ್ ತಿರುಗಿಸಿದಾಗ ಆ ಗುರುತಿನ ತೋಳುಗಳು ಕಣದೊಂದಿಗೆ ತಿರುಗುತ್ತವೆಯೋ, ನಿಂತಲ್ಲೇ ನಿಲ್ಲುತ್ತವೆಯೋ? ನೋಡಿದ ರಾತ್ರಿಯೇ ಫೋನ್ ಮಾಡಿ ಹೇಳು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಅಮ್ಮ