ಗಾರ್ಡೀನಾದ ಹವಾಯಿ ಊಟ

ಲಾಸ್ ಏಂಜಲೀಸ್
ಭಾನುವಾರ

ತೀರ್ಥರೂಪ ಅಪ್ಪಯ್ಯನವರಿಗೂ ಮಾತೃಶ್ರೀ ಅಮ್ಮನಿಗೂ ಸುಧೀರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ.

ಅಮ್ಮಾ, ಫೋನಿನಲ್ಲಿ ನೀನು "ಊಟಕ್ಕೆ ಏನು ಮಾಡಿದೆ?" ಎನ್ನುವುದು, ನಾನು "ಏನೋ ಒಂದು" ಎನ್ನುವುದು ನಡೆದೇ ಇದೆ. ಈ ಸಲ ಹೇಳುವಂಥದ್ದು ಸಿಕ್ಕಿದೆ, ಅದಕ್ಕೇ ಈ ಕಾಗದ. ನಿನ್ನೆ ಕಚೇರಿಯ ಗೆಳೆಯನೊಬ್ಬ ನಗರದ ದಕ್ಷಿಣಕ್ಕಿರುವ ಗಾರ್ಡೀನಾ ಎಂಬಲ್ಲಿಗೆ, ಒಂದು ಹವಾಯಿ ಹೋಟೆಲಿಗೆ ಕರೆದುಕೊಂಡು ಹೋದ. ಅವನು ಹವಾಯಿ ದ್ವೀಪಗಳ ರಾಜಧಾನಿ ಹೊನೊಲುಲುವಿನಲ್ಲಿ ಹುಟ್ಟಿ ಬೆಳೆದವನು. ಹೋಟೆಲೆಂದರೆ ಬಟ್ಟೆ ಒಗೆಯುವ ಅಂಗಡಿಯ ಪಕ್ಕದಲ್ಲಿ ನಾಲ್ಕಾರು ಮೇಜು, ಅಷ್ಟೆ. ಗಲ್ಲಾದಲ್ಲಿದ್ದ ಹಿರಿಯ ಹೆಂಗಸನ್ನು ಬಂದವರೆಲ್ಲ "ಆಂಟಿ" ಎಂದೇ ಕರೆಯುತ್ತಿದ್ದರು. ನನಗಿಂತ ದುಪ್ಪಟ್ಟು ವಯಸ್ಸಿನವರನ್ನು ಹೆಸರು ಹಿಡಿದು ಕರೆದು ಸಂಕೋಚಪಡುತ್ತಿದ್ದವನಿಗೆ ಕಿವಿ ತಂಪಾಯಿತು.

ಒಂದೇ ತಟ್ಟೆಯಲ್ಲಿ ಊಟ. ಐಸ್‌ಕ್ರೀಮ್ ತೆಗೆಯುವ ಸೌಟಿನಿಂದ ಗುಂಡಗೆ ಹಾಕಿದ ಎರಡು ಗುಡ್ಡೆ ಅನ್ನ, ಮಯೊನೈಸಿನಲ್ಲಿ ಕಲಸಿದ ತಣ್ಣನೆಯ ಮೆಕರೋನಿ, ಜೊತೆಗೆ ನಾವು ಆರಿಸಿದ ಒಂದು ಮಾಂಸದ ಬಗೆ. ಆ ಮೆಕರೋನಿಯನ್ನು ಗೆಳೆಯ ಚಪ್ಪರಿಸಿ ತಿಂದ. ನನಗಂತೂ ಸೇರಲಿಲ್ಲ, ಉಪ್ಪಿಲ್ಲ, ಹುಳಿಯಿಲ್ಲ, ಖಾರದ ಸುಳಿವೇ ಇಲ್ಲ.

ಈ ತಟ್ಟೆ ಕೂಲಿಯವರ ಬುತ್ತಿಯಿಂದ ಬಂದದ್ದಂತೆ. ಹವಾಯಿಯ ಕಬ್ಬಿನ ತೋಟಗಳಿಗೆ 1852ರಲ್ಲಿ ಚೀನಾದಿಂದ ಆಳುಗಳನ್ನು ಕರಾರಿನ ಮೇಲೆ ತಂದರು. ಆಮೇಲೆ ಪೋರ್ಚುಗೀಸರು, 1885ರಿಂದ ಹಡಗು ಹಡಗಾಗಿ ಜಪಾನಿನವರು, ಮುಂದೆ ಕೊರಿಯಾದವರು, ಫಿಲಿಪೀನ್ಸಿನವರು. ಗೆಳೆಯನ ಮುತ್ತಜ್ಜನೂ ಹಾಗೆ ಕಬ್ಬು ಕಡಿಯಲು ಹೋದವನೇ. ಮಧ್ಯಾಹ್ನ ತೋಟದಲ್ಲಿ ಡಬ್ಬಿ ಬಿಚ್ಚಿದಾಗ ಒಬ್ಬರ ಪದಾರ್ಥ ಇನ್ನೊಬ್ಬರ ಅನ್ನಕ್ಕೆ ಬೀಳುತ್ತಿತ್ತು. ಆದ್ದರಿಂದ ಜಪಾನಿನ ಕರಿದ ಕೋಳಿ, ಕೊರಿಯಾದ ಸುಟ್ಟ ಪಕ್ಕೆಲುಬು, ವಿನೆಗರಿನಲ್ಲಿ ಮಾಂಸ ಬೇಯಿಸಿದ ಫಿಲಿಪೀನ್ಸಿನ ಅಡೋಬೊ ಎಲ್ಲವೂ ಒಂದೇ ಪಟ್ಟಿಯಲ್ಲಿವೆ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಜೊತೆ ಬಂದ ಸ್ಪ್ಯಾಮ್ ಎಂಬ ಡಬ್ಬಿಯ ಹಂದಿಮಾಂಸವನ್ನೂ ಅನ್ನದ ಮೇಲಿಟ್ಟು, ಕಡಲಪಾಚಿಯ ಪಟ್ಟಿ ಸುತ್ತಿ ಮಾರುತ್ತಾರೆ. ದ್ವೀಪದವರ ಸ್ವಂತ ಅಡುಗೆ ಪಟ್ಟಿಯ ಕೊನೆಗೆ ನಾಲ್ಕು ಸಾಲು. ನನಗೆ ಅದೇ ಬೇಕಿತ್ತು.

ಅದರಲ್ಲಿ 'ಲಾವ್‌ಲಾವ್' ತರಿಸಿದೆ. ಸಾಮಾನ್ಯವಾಗಿ ಹಂದಿಯದು, ಗಾಬರಿಯಾಗಬೇಡ, ನಾನು ಕೋಳಿಯದನ್ನೇ ಕೇಳಿದೆ. ಮೇಲೊಂದು ಗಟ್ಟಿ ಎಲೆಯ ಕಟ್ಟು, ಅದನ್ನು ತಿನ್ನುವಂತಿಲ್ಲ. ಬಿಚ್ಚಿದರೆ ಒಳಗೆ ಕಪ್ಪುಹಸಿರಾಗಿ ಬೆಂದ ಇನ್ನೊಂದು ಎಲೆ. ಮೂಗಿಗೆ ಹಬೆ ಬಡಿದ ಕೂಡಲೇ ಗೊತ್ತಾಯಿತು: ಅಮ್ಮಾ, ಅದು ಸಾಕ್ಷಾತ್ ಕೆಸುವಿನ ಎಲೆ! ನಮ್ಮ ಪತ್ರೊಡೆಯ ಹಾಗೆ ಅಕ್ಕಿ, ಮೆಣಸು, ಹುಣಸೆಹಣ್ಣು ರುಬ್ಬಿ ಹಚ್ಚುವುದಿಲ್ಲ. ಬರೀ ಎಲೆ, ಮಾಂಸ, ಉಪ್ಪು. ಗಂಟಲು ತುರಿಸಬಹುದೆಂದು ಮೊದಲ ತುತ್ತನ್ನು ಹೆದರಿಕೊಂಡೇ ನುಂಗಿದೆ, ಏನೂ ಆಗಲಿಲ್ಲ. ಹುಳಿ ಹಾಕದವರು ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿಯೇ ಆ ತುರಿಕೆಯನ್ನು ಕಳೆಯುತ್ತಾರೆ. ಎಲೆ ಬೆಣ್ಣೆಯಾಗಿ ಕೋಳಿಯ ನೆಣದೊಂದಿಗೆ ಬೆರೆತುಹೋಗಿತ್ತು.

ಪಕ್ಕದಲ್ಲಿ ಬಟ್ಟಲಿನಲ್ಲಿ 'ಪೊಯ್'. ಕೆಸುವಿನ ಗೆಡ್ಡೆಯನ್ನು ಬೇಯಿಸಿ, ಜಜ್ಜಿ, ನೀರು ಬೆರೆಸಿದ ನೇರಳೆ ಬಣ್ಣದ ಅಂಟು ಮುದ್ದೆ. ಬೆರಳಿನಿಂದ ತಿನ್ನುವ ಪದಾರ್ಥ. ಗಟ್ಟಿಯಾಗಿದ್ದರೆ ಒಂದು ಬೆರಳು ಸಾಕು, ತೆಳ್ಳಗಿದ್ದರೆ ಎರಡು ಮೂರು ಬೇಕು; ಅದರ ಹದವನ್ನು ಹೇಳುವುದೂ ಬೆರಳಿನ ಲೆಕ್ಕದಲ್ಲೇ. ಸಪ್ಪೆ, ಕೊನೆಯಲ್ಲಿ ಸ್ವಲ್ಪ ಹುಳಿ. ಅವರ ಪುರಾಣದಲ್ಲಿ ಸತ್ತು ಹುಟ್ಟಿದ ಮಗುವನ್ನು ಹೂತ ಜಾಗದಲ್ಲಿ ಕೆಸು ಚಿಗುರಿತಂತೆ. ಅದರ ಬೆನ್ನಿಗೆ ಹುಟ್ಟಿದ ತಮ್ಮನೇ ಮನುಷ್ಯರ ಮೂಲಪುರುಷ. ಹಾಗಾಗಿ ಕೆಸು ಮನೆಯ ಅಣ್ಣ, ಅವನೆದುರು ಜಗಳ ಸಲ್ಲದು ಎಂದು ಪೊಯ್ ಬಟ್ಟಲು ತೆರೆದಿರುವಾಗ ಯಾರೂ ದನಿ ಎತ್ತುವುದಿಲ್ಲ ಎಂದ ಗೆಳೆಯ. ಈ ಪದ್ಧತಿ ನಮ್ಮ ಮನೆಗೂ ಬರಲಿ ಎಂದು ಅಣ್ಣ ಅತ್ತಿಗೆಗೆ ಹೇಳು.

ಬೆಲೆ ಬರೆಯುವುದಿಲ್ಲ, ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಅಪ್ಪಯ್ಯ ರಾತ್ರಿ ನಿದ್ದೆ ಮಾಡಲಿಕ್ಕಿಲ್ಲ.

ಇಲ್ಲಿನ ಫಿಲಿಪೀನೋ ಅಂಗಡಿಯಲ್ಲಿ ಕೆಸುವಿನ ಎಲೆ ಸಿಗುತ್ತದಂತೆ. ಪತ್ರೊಡೆಯ ಹಿಟ್ಟಿನ ಅಳತೆ ಬರೆದು ಕಳುಹಿಸು. "ಅಂದಾಜಿಗೆ ಹಾಕು" ಎನ್ನಬೇಡ, ಲೋಟದ ಲೆಕ್ಕದಲ್ಲಿ ಬರೆ. ಅಪ್ಪಯ್ಯನ ಕಣ್ಣಿನ ಪರೀಕ್ಷೆಯನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಬೇಡಿ.

ಇಂತಿ ನಿಮ್ಮ ಮಗ
ಸುಧೀರ