ಮಗಳಿಗೊಂದು ಪತ್ರ: ಆ ‘ರಿಯಾಕ್ಟಿವ್’ ಬಗ್ಗೆ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ರಿಪೋರ್ಟ್ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಯಾರು, ಯಾವಾಗ ಅಂತ ನಾನು ಕೇಳುವುದಿಲ್ಲ. ಲ್ಯಾಬಿನಲ್ಲೇ ಕೂದಲು ಬೆಳ್ಳಗಾದವಳು ನಾನು, ಆ ಪ್ರಶ್ನೆಯಿಂದ ಯಾರಿಗೂ ವಾಸಿಯಾಗಿದ್ದು ನೋಡಿಲ್ಲ.

ನಿನ್ನ ನಿದ್ದೆ ಕೆಡಿಸಿದ್ದು ‘ವಿಡಿಆರ್‌ಎಲ್: ರಿಯಾಕ್ಟಿವ್, 1:2’ ಅನ್ನೋ ಸಾಲು ಅಲ್ವಾ? ಸಿಫಿಲಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಒಂದು ಸೋಂಕು, ಇದೆಯಾ ಅಂತ ಮಾಡುವ ಮೊದಲ ರಕ್ತಪರೀಕ್ಷೆ ಅದು. ಆದರೆ ಅದು ಸಿಫಿಲಿಸ್‌ನ ರೋಗಾಣುವನ್ನು ಹುಡುಕುವುದೇ ಇಲ್ಲ. ಕಾರ್ಡಿಯೋಲಿಪಿನ್ ಅನ್ನೋ ಕೊಬ್ಬಿನ ವಿರುದ್ಧ ದೇಹ ಆಂಟಿಬಾಡಿ ಅನ್ನೋ ರಕ್ಷಣಾ ಪ್ರೋಟೀನ್ ಮಾಡಿಕೊಂಡಿದೆಯಾ (ಸಿಫಿಲಿಸ್ ಬಂದಾಗ ಹಾಗಾಗುತ್ತದೆ) ಅಂತ ನೋಡುತ್ತದೆ, ಅಷ್ಟೇ. ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ, ಅಂದರೆ ಸೀರಮ್ಮನ್ನು, 56 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಸ್ಲೈಡಿನ ಮೇಲೆ ಹಾಕಿ, ಆ ಕಾರ್ಡಿಯೋಲಿಪಿನ್ ಇರುವ ದ್ರವವನ್ನು (ಆಂಟಿಜೆನ್ ಅನ್ನುತ್ತೇವೆ) ಒಂದು ಹನಿ ಸೇರಿಸಿ ನಾಲ್ಕು ನಿಮಿಷ ತಿರುಗಿಸುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಒಡೆದ ಹಾಲಿನ ಹಾಗೆ ಗಂಟುಗಂಟಾಗಿ ಕಂಡರೆ ರಿಯಾಕ್ಟಿವ್. ಆಮೇಲೆ ಅದೇ ಸೀರಮ್ಮನ್ನು ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳು ಮಾಡುತ್ತಾ ಹೋಗುತ್ತೇವೆ. ಗಂಟು ಕಾಣುವುದು ಎಲ್ಲಿ ನಿಲ್ಲುತ್ತದೋ ಅದಕ್ಕೆ ಹಿಂದಿನದೇ ನಿನ್ನ ರಿಪೋರ್ಟಿನ ಸಂಖ್ಯೆ. ನಿನ್ನದು ಎರಡಕ್ಕೇ ನಿಂತಿದೆ.

ಇಷ್ಟು ಕಡಿಮೆ ಬಂದಾಗ ಅದು ಸುಳ್ಳು ಪಾಸಿಟಿವ್ ಆಗಿರಬಹುದು. ಮಲೇರಿಯಾದಂಥ ಜ್ವರಗಳು, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಬಸುರಿತನ, ಇವೆಲ್ಲ ಹೀಗೆ ಮಾಡಬಹುದು. ನಿನಗೂ ಮೊನ್ನೆ ಜ್ವರ ಬಂದಿತ್ತು. ಹಾಗಂತ ಜ್ವರದ್ದೇ ಇರಬೇಕು ಅಂತ ಬಿಟ್ಟುಬಿಡಬೇಡ. ಸೋಂಕು ತೀರಾ ಹೊಸದಾಗಿದ್ದರೂ, ತುಂಬ ಹಳೆಯದಾಗಿದ್ದರೂ ಸಂಖ್ಯೆ ಹೀಗೇ ಸಣ್ಣದಾಗಿರುತ್ತದೆ. ಟಿಪಿಎಚ್‌ಎ ಮಾಡಿಸು. ಅದು ಸಿಫಿಲಿಸ್ ರೋಗಾಣುವಿನ ವಿರುದ್ಧದ ಆಂಟಿಬಾಡಿಯನ್ನೇ ಹುಡುಕುತ್ತದೆ. ನೆಗೆಟಿವ್ ಬಂದರೆ ಬಹುತೇಕ ನಿಶ್ಚಿಂತೆ. ಆದರೂ ಸಂಪರ್ಕ ಇತ್ತೀಚಿನದಾಗಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕೊಡಬೇಕು.

ಪಾಸಿಟಿವ್ ಬಂದರೆ? ಪೆನಿಸಿಲಿನ್ ಇಂಜೆಕ್ಷನ್. ಶುರುವಿನಲ್ಲಾದರೆ ಒಂದೇ ಸಲ, 24 ಲಕ್ಷ ಯೂನಿಟ್. ಹಳೆಯದಾದರೆ ವಾರಕ್ಕೊಂದರಂತೆ ಮೂರು. ನೋವಂತೂ ಜಾಸ್ತಿ, ಸುಳ್ಳು ಹೇಳಲ್ಲ. ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಜೊತೆಗಿದ್ದವರಿಗೂ ಪರೀಕ್ಷೆ ಆಗಲೇಬೇಕು. ವಾಸಿಯಾಯ್ತಾ ಅಂತ ತಿಳಿಯಲು ಮತ್ತೆ ವಿಡಿಆರ್‌ಎಲ್ ಮಾಡಿಸುತ್ತಾರೆ. 1:32 ಇದ್ದದ್ದು 1:8ಕ್ಕೆ ಬಂದರೆ ಔಷಧ ಕೆಲಸ ಮಾಡಿದೆ ಅಂತ ಲೆಕ್ಕ. ನಿನ್ನಷ್ಟು ಕಡಿಮೆ ಇದ್ದಾಗ ಅಷ್ಟು ಇಳಿಯಲು ಜಾಗವೇ ಇರಲ್ಲ, ಆಗ ಏರದಿದ್ದರೆ ಸಾಕು ಅಂತ ನೋಡುತ್ತಾರೆ. ಟಿಪಿಎಚ್‌ಎ ಮಾತ್ರ ವಾಸಿಯಾದವರಲ್ಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗೇ ಉಳಿಯುತ್ತದೆ. ಅದನ್ನು ಪದೇ ಪದೇ ಮಾಡಿಸಿ ಅಳುವವರನ್ನು ನೋಡಿದ್ದೇನೆ.

ಎಚ್‌ಐವಿ ಸಾಲಿನಲ್ಲಿ 0.12 ಅಂತಿದೆ. ಅಷ್ಟು ವೈರಸ್ ಇದೆ ಅಂತಲ್ಲ. ಅದು ಮೆಷಿನ್ ಕೊಡುವ ಅಂಕೆ, ಒಂದಕ್ಕಿಂತ ಕಡಿಮೆ ಇದ್ದರೆ ನಾನ್-ರಿಯಾಕ್ಟಿವ್. ನಿನಗೆ ಮಾಡಿರುವುದು ನಾಲ್ಕನೇ ತಲೆಮಾರಿನ ಪರೀಕ್ಷೆ, ಅಂದರೆ ಆಂಟಿಬಾಡಿಯ ಜೊತೆ ವೈರಸ್ಸಿನ ಭಾಗವನ್ನೂ ಹುಡುಕುವಂಥದ್ದು. ಸಂಪರ್ಕವಾಗಿ 45 ದಿನ ಕಳೆದಿದ್ದರೆ ಇದನ್ನು ನಂಬಬಹುದು. ಕಳೆದಿಲ್ಲವಾದರೆ ಆಮೇಲೆ ಇನ್ನೊಂದು ಸಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಉಚಿತ, ಗುಟ್ಟಾಗಿಯೂ ಇಡುತ್ತಾರೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿನ್ನ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ಯಾರನ್ನಾದರೂ ಕೇಳಬೇಕೆನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡು.

ಇನ್ನು ‘ಆಂಟಿ-ಎಚ್‌ಬಿಎಸ್ 46’ ದಪ್ಪಕ್ಷರದಲ್ಲಿದೆ ಅಂತ ಹೆದರಿದ್ದೀಯ. ಅದು ಖುಷಿಪಡಬೇಕಾದ ಸಾಲು ಕಣೇ! ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ವಿರುದ್ಧ ನಿನಗೆ ರಕ್ಷಣೆ ಇದೆ ಅಂತ ಅದರ ಅರ್ಥ. ಚಿಕ್ಕವಳಿದ್ದಾಗ ಅತ್ತುಕೊಂಡು ಹಾಕಿಸಿಕೊಂಡ ಲಸಿಕೆಯ ಫಲ. ಹತ್ತಕ್ಕಿಂತ ಮೇಲಿದ್ದರೆ ಸಾಕು. ಕಾಯಿಲೆ ತೋರಿಸುವುದು ಎಚ್‌ಬಿಎಸ್‌ಎಜಿ, ಅದು ನಿನಗೆ ನೆಗೆಟಿವ್. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ದಪ್ಪಕ್ಷರ ಹಾಕಿ, ರಾತ್ರಿ ಹೊತ್ತಲ್ಲಿ ಪಿಡಿಎಫ್ ಕಳಿಸಿ ಸುಮ್ಮನಾಗುವ ಈ ಲ್ಯಾಬುಗಳಿಗೆ ಏನು ಹೇಳೋಣ.

ಒಂದು ವಿಷಯ ಆ ಕಾಗದದಲ್ಲಿ ಇಲ್ಲವೇ ಇಲ್ಲ. ಗೊನೋರಿಯಾ, ಕ್ಲಮೈಡಿಯಾ ಅನ್ನೋ ಇನ್ನೆರಡು ಲೈಂಗಿಕ ಸೋಂಕುಗಳು ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಮೂತ್ರ ಅಥವಾ ಸ್ವಾಬ್ (ಹತ್ತಿಯ ಕಡ್ಡಿಯಲ್ಲಿ ಒರೆಸಿ ತೆಗೆಯುವ ಮಾದರಿ) ಕೊಡಬೇಕು. ಹೆಂಗಸರಲ್ಲಿ ಎಷ್ಟೋ ಸಲ ಏನೂ ತೊಂದರೆ ತೋರಿಸದೆ ಒಳಗೇ ಇದ್ದುಬಿಡುತ್ತವೆ, ಅದಕ್ಕೇ ಕೇಳಿ ಮಾಡಿಸಿಕೋ.

ಟಿಪಿಎಚ್‌ಎ ರಿಪೋರ್ಟ್ ಬಂದ ತಕ್ಷಣ ಕಳಿಸು. ಡಾಕ್ಟರ ಹತ್ತಿರ ಜೊತೆಗೆ ಬಾ ಅಂದರೆ ರಾತ್ರಿ ಬಸ್ಸಿಗೇ ಹೊರಡುತ್ತೇನೆ. ಅಪ್ಪನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು, ನಾನಂತೂ ಹೇಳಿಲ್ಲ.

ಇಂತಿ,
ಅಮ್ಮ